ಶೆಲ್ ತುಂಬಿದ ಕೈಗೆ ಒಂದು ಕುರ್ಚಿ ಇಲ್ವಾ?

ಮೊನ್ನೆ ಜುಲೈ 26ಕ್ಕೆ ನಮ್ಮೂರ ಶಾಲೆಯ ಅಂಗಳದಲ್ಲಿ ಕಾರ್ಗಿಲ್ ವಿಜಯ ದಿನ ಮಾಡಿದರು. ಎರಡು ದಿನ ಸುಮ್ಮನಿದ್ದೆ. ಸಿಟ್ಟು ಇಳಿಯಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಅಕ್ಕಲಕೋಟೆ ಕಡೆ ಇಂಥ ಕಾರ್ಯಕ್ರಮ ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ನಡೆಯುತ್ತದೆ, ನಿಮಗೆ ಗೊತ್ತು. ಐದು ಜನ ಮಾಜಿ ಸೈನಿಕರಿಗೆ ಫೇಟಾ ಸುತ್ತಿ, ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟರು. ಒಳ್ಳೆ ಕೆಲಸ. ಅವರಲ್ಲಿ ಒಬ್ಬರು ಅಪ್ಪನ ಜೊತೆ ಶಾಲೆ ಕಲಿತವರು. ಅವರೇ ಅಪ್ಪನ ಕೈ ಹಿಡಿದು ವೇದಿಕೆ ಹತ್ತಿಸಿ, ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡರು. ಎರಡು ನಿಮಿಷ ಆಗಿರಲಿಲ್ಲ, ಕಾರ್ಯಕ್ರಮ ನಡೆಸುತ್ತಿದ್ದ ಹುಡುಗ ಬಂದು ಬಗ್ಗಿ ಹೇಳಿದ: "ಕಾಕಾ, ನೀವು ಮಿಲಿಟರಿಯೊಳಗ ಇರಲಿಲ್ಲಲ್ಲ? ಸ್ವಲ್ಪ ಕೆಳಗ ಕೂಡ್ರಿ. ಇದು ಫಕ್ತ್ ಸೈನಿಕರಿಗೆ."

ಅಪ್ಪ "ಹೌದಪಾ, ಹೌದು" ಅಂತ ಎದ್ದರು. ಟೋಪಿ ಸರಿ ಮಾಡಿಕೊಂಡು ಕೆಳಗಿಳಿದು ಬಂದು ನನ್ನ ಪಕ್ಕ ಕೂತರು. ಅವರ ಮುಖದಲ್ಲಿ ಬೇಜಾರು ಕಾಣಲಿಲ್ಲ. ನನ್ನ ಕಿವಿ ಮಾತ್ರ ಕಾದ ಹೆಂಚಿನ ಹಾಗೆ ಆಗಿತ್ತು.

ಅಪ್ಪ ಎಲ್ಲಿ ಕೆಲಸ ಮಾಡಿದವರು ಅಂತ ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಪುಣೆ ಕಡೆಯ ಆರ್ಡ್ನನ್ಸ್ ಫ್ಯಾಕ್ಟರಿ. ಸರ್ಕಾರದ ಮದ್ದುಗುಂಡು ಕಾರ್ಖಾನೆ. ಹುದ್ದೆಯ ಹೆಸರೇ 'ಡೇಂಜರ್ ಬಿಲ್ಡಿಂಗ್ ವರ್ಕರ್'. ಕಾಗದದಲ್ಲೇ ಹಾಗೆ ಬರೆದಿರುತ್ತದೆ. ಅಪಾಯದ ಕಟ್ಟಡದ ಕೆಲಸಗಾರ. ಅಂಥ ಹೆಸರಿನ ಕೆಲಸವನ್ನು ಜೀವನಪೂರ್ತಿ ಮಾಡಿ ಬಂದವರಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ಬಿಡಲು ನಮಗೆ ಆಗಲಿಲ್ಲ.

ಒಳಗೆ ಏನು ಮಾಡುತ್ತಿದ್ದೆ ಅಂತ ಅಪ್ಪ ಜಾಸ್ತಿ ಹೇಳಿದವರಲ್ಲ. ಹೇಳಬಾರದು ಅನ್ನುವುದು ಅವರ ಪಾಲಿಗೆ ನೌಕರಿಯ ಜೊತೆ ಮುಗಿಯುವ ನಿಯಮವಲ್ಲ. ಆದರೂ ಅಲ್ಲೊಂದು ಇಲ್ಲೊಂದು ಮಾತು ಬಿದ್ದದ್ದನ್ನು ಕೂಡಿಸಿಟ್ಟುಕೊಂಡಿದ್ದೇನೆ. ಗೇಟಿನಲ್ಲಿ ಝಡತಿ, ಮೈಯೆಲ್ಲ ತಡಕಿ ನೋಡುತ್ತಾರೆ. ಬೀಡಿ, ಕಡ್ಡಿಪೆಟ್ಟಿಗೆ ಹೊರಗೇ. ಉಂಗುರ, ಬೆಳ್ಳಿ ಉಡದಾರ ಬಿಚ್ಚಬೇಕು. ಮನೆಯ ಬಟ್ಟೆ ತೆಗೆದು ಅಲ್ಲಿಯ ಹತ್ತಿಬಟ್ಟೆ ಹಾಕಿಕೊಳ್ಳಬೇಕು. ಬಾಗಿಲ ಹತ್ತಿರ ಒಂದು ತಾಮ್ರದ ಪಟ್ಟಿ. ಅದನ್ನು ಅಂಗೈಯಲ್ಲಿ ಮುಟ್ಟಿಯೇ ಒಳಗೆ ಕಾಲಿಡಬೇಕು, ಮೈಯಲ್ಲಿ ಕೂತ ಕರೆಂಟು ಮಣ್ಣಿಗೆ ಇಳಿಯಲಿ ಅಂತ. ಆ ಕಟ್ಟಡದೊಳಗೆ ಒಂದು ಸಲಕ್ಕೆ ಎಷ್ಟು ಜನ ಇರಬಹುದು, ಎಷ್ಟು ಕಿಲೋ ಮದ್ದು ಇರಬಹುದು ಅಂತ ಬಾಗಿಲ ಪಕ್ಕದ ಬೋರ್ಡಿನಲ್ಲಿ ಬರೆದಿರುತ್ತದೆ. ಸುತ್ತ ಎತ್ತರದ ಮಣ್ಣಿನ ಒಡ್ಡು. ಚಿಕ್ಕವನಿದ್ದಾಗ ಕೇಳಿದ್ದೆ, "ಆ ಒಡ್ಡು ನಿಮ್ಮನ್ನ ಉಳಿಸಾಕ ಏನಪಾ?" ಅಪ್ಪ ಅಂದಿದ್ದರು, "ನಮ್ಮನ್ನಲ್ಲೋ. ಬಾಜೂ ಬಿಲ್ಡಿಂಗಿನವರನ್ನ."

ಈ ಮಾತು ಮೂವತ್ತು ವರ್ಷದಿಂದ ನನ್ನ ತಲೆಯಲ್ಲಿದೆ.

ಶೆಲ್ ಅಂದರೆ ತೋಪಿನ ಗುಂಡು. ಅದನ್ನು ತುಂಬುವುದು ಅಂದರೆ ಏನು ಅಂತ ವೇದಿಕೆ ಮೇಲಿದ್ದ ಭಾಷಣಕಾರರಿಗೆ ಗೊತ್ತಿದೆಯಾ? ನಮ್ಮೂರ ಗಾಣದಲ್ಲಿ ಬೆಲ್ಲದ ಪಾಕ ಅಚ್ಚಿಗೆ ಹೊಯ್ಯುವುದನ್ನು ಎಲ್ಲರೂ ನೋಡಿದ್ದೇವೆ. ಶೆಲ್ಲಿನೊಳಗೆ ಸಿಡಿಯುವ ಮದ್ದು ಟಿಎನ್‌ಟಿ ಕೂಡ ಹಾಗೇ. ಸುಮಾರು 80 ಡಿಗ್ರಿಗೆ ಕರಗುತ್ತದೆ. ಕರಗಿಸಿ ಶೆಲ್ಲಿನ ಹೊಟ್ಟೆಗೆ ಹೊಯ್ಯಬೇಕು. ಆರುವಾಗ ಅದು ಕುಗ್ಗುತ್ತದೆ. ಅವಸರ ಮಾಡಿದರೆ ಒಳಗೆ ಬಿರುಕು ಬಿಡುತ್ತದೆ, ಪೊಳ್ಳು ಉಳಿಯುತ್ತದೆ. ಅಂಥ ಶೆಲ್ ತೋಪಿನ ನಳಿಗೆಯಲ್ಲೇ ಸಿಡಿಯಬಹುದು, ಹಾರಿಸುವ ನಮ್ಮ ಹುಡುಗರೇ ಸಾಯಬಹುದು. ಅದಕ್ಕೇ ನಿಧಾನ ಆರಿಸಿ, ಎಕ್ಸ್‌ರೇ ಹಿಡಿದು ನೋಡುತ್ತಾರೆ. ಅಂದರೆ ಗುಡ್ಡದ ಮೇಲಿನ ಸೈನಿಕನ ಜೀವ ಮೊದಲು ಈ ಕೆಲಸಗಾರನ ಕೈಯಲ್ಲಿ ಇರುತ್ತದೆ.

ಬೋಫೋರ್ಸ್ ತೋಪಿನ ಬಗ್ಗೆ ಅವತ್ತು ಬಹಳ ಹೇಳಿದರು. ಟೈಗರ್ ಹಿಲ್ ಬಗ್ಗೆ ಹೇಳಿದರು. ನನಗೂ ಮೈ ಜುಮ್ಮಂದಿತು, ಸುಳ್ಳು ಹೇಳಲ್ಲ. ಕಾರ್ಗಿಲ್‌ನಲ್ಲಿ ನಮ್ಮ ಫಿರಂಗಿ ದಳ ಸುಮಾರು ಎರಡೂವರೆ ಲಕ್ಷ ಶೆಲ್, ಬಾಂಬು, ರಾಕೆಟ್ ಹಾರಿಸಿತು. ಹೊರಗಿನಿಂದ ತರಿಸಿದ್ದೂ ಅದರಲ್ಲಿತ್ತು. ಉಳಿದದ್ದು? ಮರದಲ್ಲಿ ಬಿಡುತ್ತಾ? 155 ಎಂಎಂ ಶೆಲ್ ಒಂದೊಂದೂ ನಲವತ್ತು ಕಿಲೋ ಮೇಲೆ ತೂಗುತ್ತದೆ. ಅದರ ಉಕ್ಕಿನ ಮೈ ಕಾನ್ಪುರದಲ್ಲೋ ನಾಗಪುರದ ಅಂಬಾಝರಿಯಲ್ಲೋ ಆಗುತ್ತದೆ. ಮದ್ದು ತುಂಬುವುದು ಚಂದ್ರಪುರ ಕಡೆ, ಒಡಿಶಾದ ಬಡ್ಮಾಲ್‌ನಲ್ಲಿ. ಒಂದು ಶೆಲ್ಲಿನ ಹಿಂದೆ ಎಷ್ಟೊಂದು ಊರು, ಎಷ್ಟೊಂದು ಮನೆ!

1999ರಲ್ಲಿ ನಾನು ಆರನೇ ಇಯತ್ತೆ. ಪ್ರತಿ ತಿಂಗಳು ಊರಿಗೆ ಬರುತ್ತಿದ್ದ ಅಪ್ಪ ಆಗ ಎರಡು ತಿಂಗಳು ಬರಲೇ ಇಲ್ಲ. ಓವರ್‌ಟೈಮ್. ಒಂದು ಇನ್‌ಲ್ಯಾಂಡ್ ಪತ್ರ ಬಂತು, ಅದರಲ್ಲೂ ಮಳೆ ಬಂತಾ, ತೊಗರಿ ಬಿತ್ತಿದ್ರಾ ಅಂತಷ್ಟೇ. ಶಾಲೆಯಲ್ಲಿ ಗುರುಗಳು, "ಯಾರ ಮನೆಯವರು ಮಿಲಿಟರಿಯೊಳಗ ಅದಾರ, ಕೈ ಎತ್ತರಿ" ಅಂದರು. ನಾನು ಎತ್ತಿದೆ. ಯಾವ ರೆಜಿಮೆಂಟ್ ಅಂತ ಕೇಳಿದರು. ಬಾಯಿಗೆ ಬಂದದ್ದು "ಮರಾಠಾ ಲೈಟ್ ಇನ್‌ಫಂಟ್ರಿ" ಅಂದೆ. ಅಪ್ಪ ಕಾರ್ಖಾನೆಯಲ್ಲಿ ಇದ್ದಾರೆ ಅಂತ ಹೇಳಲು ನನಗೆ ನಾಚಿಕೆ ಆಯಿತು. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಅಪ್ಪನಿಗೂ. ಅವರನ್ನು ಮೊದಲು ಕುರ್ಚಿಯಿಂದ ಎಬ್ಬಿಸಿದವನು ನಾನೇ ಅನ್ನಿಸಿ ಮೊನ್ನೆ ರಾತ್ರಿ ನಿದ್ದೆ ಬರಲಿಲ್ಲ.

ನಮಗೆ ಕಾಶೀಪುರದ ಹೆಸರು ಗೊತ್ತಿಲ್ಲ. ಕೋಲ್ಕತ್ತದ ಆ ಕಾರ್ಖಾನೆಯಲ್ಲಿ 1802ರ ಮಾರ್ಚ್ 18ಕ್ಕೆ ಉತ್ಪಾದನೆ ಶುರುವಾಯಿತು. ಅದಕ್ಕೇ ಮಾರ್ಚ್ 18 ಆರ್ಡ್ನನ್ಸ್ ಫ್ಯಾಕ್ಟರಿ ದಿನ. ನಮ್ಮ ಪುಣೆಯ ಖಡಕಿ ಕಾರ್ಖಾನೆ 1869ರದ್ದು. ನೀಲಗಿರಿಯ ಅರುವಂಕಾಡು ಕಾರ್ಖಾನೆಯೂ ನೂರು ವರ್ಷ ದಾಟಿದ್ದು. ಬ್ರಿಟಿಷರ ಕಾಲದಲ್ಲಿ ಶುರುವಾಗಿ 41ಕ್ಕೆ ಬೆಳೆದ ಈ ಕಾರ್ಖಾನೆಗಳನ್ನು ನಡೆಸುತ್ತಿದ್ದ ಆರ್ಡ್ನನ್ಸ್ ಫ್ಯಾಕ್ಟರಿ ಬೋರ್ಡನ್ನು 2021ರ ಅಕ್ಟೋಬರ್ 1ಕ್ಕೆ ಮುಚ್ಚಿ ಏಳು ಸರ್ಕಾರಿ ಕಂಪನಿ ಮಾಡಿದರು. ಮದ್ದುಗುಂಡಿನದಕ್ಕೆ ಈಗ ಮ್ಯುನಿಷನ್ಸ್ ಇಂಡಿಯಾ ಅಂತ ಹೆಸರು. ಅದಕ್ಕೂ ಮುಂಚೆ ಕೆಲಸಗಾರರು ಮುಷ್ಕರ ಮಾಡುತ್ತೇವೆ ಅಂದಾಗ, ಅದೇ ವರ್ಷ ಮುಷ್ಕರ ನಿಷೇಧಿಸುವ ಕಾನೂನು ಬಂತು. ಇದು ದೇಶರಕ್ಷಣೆಯ ಅಗತ್ಯ ಸೇವೆ, ನಿಲ್ಲಿಸುವ ಹಾಗಿಲ್ಲ ಅಂತ. ಸರಿ, ಒಪ್ಪಿದೆ. ಮುಷ್ಕರದ ದಿನ ಇವರು ದೇಶ ಕಾಯುವವರು ಅಂತಾದರೆ ಸನ್ಮಾನದ ದಿನ ಯಾಕೆ ಅಲ್ಲ? ಇದಕ್ಕೆ ಯಾರಾದರೂ ಉತ್ತರ ಕೊಡಿ.

ಕೆಲವರು ಕಾಮೆಂಟಿನಲ್ಲಿ ಏನು ಹೇಳುತ್ತೀರಿ ಅಂತಲೂ ಗೊತ್ತು. ಸರ್ಕಾರಿ ಕಾರ್ಖಾನೆಯ ಮಾಲು ಸರಿ ಇರಲ್ಲ, ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ ವರದಿಯಲ್ಲೇ ಬಂದಿದೆ ಅಂತ. ಬಂದಿದೆ. 2017ರ ವರದಿ ಗುಣಮಟ್ಟದ ಬಗ್ಗೆ ಕಟುವಾಗೇ ಹೇಳಿತ್ತು. ತಪ್ಪು ತಿದ್ದಲೇಬೇಕು, ಕೆಟ್ಟ ಶೆಲ್ ಸೈನಿಕನನ್ನೇ ಕೊಲ್ಲುತ್ತದೆ ಅಂತ ಮೇಲೆ ನಾನೇ ಬರೆದೆ. ಆದರೆ ಎಲ್ಲೋ ಒಂದು ಲಾಟ್ ಕೆಟ್ಟಿದ್ದಕ್ಕೆ, ಕೆಟ್ಟದ್ದನ್ನು ಆರಿಸಿ ತೆಗೆದು ಪಕ್ಕಕ್ಕಿಡುತ್ತಿದ್ದ ಕೈಯನ್ನೂ ಸೇರಿಸಿ ಬೈಯುವುದು ನ್ಯಾಯ ಅಲ್ಲ. ಖಾಸಗಿಯವರಿಗೆ ಕೊಟ್ಟುಬಿಡಿ ಅನ್ನುತ್ತೀರಿ. ನಾಗಪುರ ಹತ್ತಿರದ ಒಂದು ಖಾಸಗಿ ಸ್ಫೋಟಕ ಕಾರ್ಖಾನೆಯಲ್ಲಿ 2023ರ ಡಿಸೆಂಬರ್‌ನಲ್ಲಿ ಒಂಬತ್ತು ಜನ ಸತ್ತರು. ಮದ್ದಿಗೆ ಸರ್ಕಾರಿ, ಖಾಸಗಿ ಗೊತ್ತಾಗಲ್ಲ.

ಇನ್ನೊಂದು ಮಾತು ಆ ಹುಡುಗನೇ ಆಮೇಲೆ ನನಗೆ ಹೇಳಿದ. ಸೈನಿಕ ಎದೆ ಕೊಟ್ಟು ನಿಲ್ಲುತ್ತಾನೆ ಅಣ್ಣಾ, ಇವರದು ಪಗಾರದ ಕೆಲಸ ಅಂತ. ಸೈನಿಕನಿಗೂ ಪಗಾರ ಇದೆ, ಇರಲೇಬೇಕು, ಅದರಿಂದ ಅವನ ಧೈರ್ಯ ಕಮ್ಮಿ ಆಗುತ್ತಾ? 2025ರ ಜನವರಿ 24ಕ್ಕೆ ಭಂಡಾರಾ ಆರ್ಡ್ನನ್ಸ್ ಫ್ಯಾಕ್ಟರಿಯಲ್ಲಿ ಸ್ಫೋಟ ಆಗಿ ಎಂಟು ಜನ ಸತ್ತರು. ನಮ್ಮ ಮಹಾರಾಷ್ಟ್ರದಲ್ಲೇ. ಗಡಿ ಎಲ್ಲಿ, ಶತ್ರು ಎಲ್ಲಿ? ಬೆಳಿಗ್ಗೆ ಡಬ್ಬಿ ಕಟ್ಟಿಸಿಕೊಂಡು ಹೋದವರು ಅವರು. ಎರಡು ದಿನ ಬಿಟ್ಟು ಗಣರಾಜ್ಯೋತ್ಸವ. ಇದೇ ಅಂಗಳದಲ್ಲಿ ಧ್ವಜ ಹಾರಿಸಿದೆವು, ಮಕ್ಕಳಿಗೆ ಬೂಂದಿ ಹಂಚಿದೆವು. ಆ ಎಂಟು ಜನಕ್ಕೆ ಒಂದು ನಿಮಿಷ ಎದ್ದು ನಿಲ್ಲಲಿಲ್ಲ. ನಾನೂ ಅಲ್ಲೇ ಇದ್ದೆ, ನನಗೂ ಹೊಳೆಯಲಿಲ್ಲ. ಅಪ್ಪ ಮಾತ್ರ ಅವತ್ತು ಬೂಂದಿ ಮುಟ್ಟಿರಲಿಲ್ಲ.

ಈಗ ಇಂಥ ಕೆಲಸಕ್ಕೆ ಅಪ್ರೆಂಟಿಸ್ ಮುಗಿಸಿದ ಹುಡುಗರನ್ನು ಒಂದೊಂದು ವರ್ಷದ ಕರಾರಿನ ಮೇಲೂ ತೆಗೆದುಕೊಳ್ಳುತ್ತಾರೆ. ಕೆಲಸ ಕಾಯಂ ಅಲ್ಲ, ಅಪಾಯ ಕಾಯಂ. ನಾಳೆ ಅವರಲ್ಲಿ ಒಬ್ಬ ಹುಡುಗ ನಮ್ಮೂರಿಗೆ ವಾಪಸ್ ಬಂದರೆ ಅವನನ್ನು ಎಲ್ಲಿ ಕೂರಿಸುತ್ತೀರಿ? ಮುಂದಿನ ವರ್ಷ ಜುಲೈ 26ಕ್ಕೆ ವೇದಿಕೆ ಮೇಲೆ ಒಂದು ಕುರ್ಚಿ ಜಾಸ್ತಿ ಹಾಕಿ. ಖರ್ಚು ನಾನು ಕೊಡುತ್ತೇನೆ. ಸೈನಿಕರ ಕುರ್ಚಿ ಕಿತ್ತು ಕೊಡಿ ಅನ್ನುತ್ತಿಲ್ಲ.

ಅವತ್ತು ರಾತ್ರಿ ಊಟಕ್ಕೆ ಕೂತಿದ್ದೆವು. ಮೋಡ ಕಟ್ಟಿತ್ತು, ದೂರದಲ್ಲಿ ಗುಡುಗಿತು. ಗುಡುಗು ಕೇಳಿದರೆ ಡೇಂಜರ್ ಬಿಲ್ಡಿಂಗಿನಲ್ಲಿ ಕೆಲಸ ನಿಲ್ಲಿಸಿ ಎಲ್ಲರೂ ಹೊರಗೆ ಬರಬೇಕು, ಅದು ನಿಯಮ. ನಿವೃತ್ತಿ ಆಗಿ ಎಷ್ಟೋ ವರ್ಷ ಆಯಿತು. ಅಪ್ಪ ಕೈಯಲ್ಲಿದ್ದ ರೊಟ್ಟಿ ತಟ್ಟೆಗಿಟ್ಟು ಎದ್ದರು. ಪಡಸಾಲೆಗೆ ಹೋಗಿ ನಿಂತು, ಒಬ್ಬೊಬ್ಬರನ್ನೇ ಎಣಿಸುವ ಹಾಗೆ ಒಳಗೆ ನೋಡುತ್ತಾ ಕೇಳಿದರು:

"ಎಲ್ಲಾರೂ ಹೊರಗ ಬಂದ್ರೇನು?"