ಬಂಡೆಯ ಪಕ್ಕ ಒಬ್ಬರು ನಿಂತಿದ್ದರೆ

"ನಿಮ್ಮ ಅಮೆರಿಕದಲ್ಲಿ ಮಕ್ಕಳನ್ನ ಕರ್ಕೊಂಡು ಹೋಗೋಕೆ ಎಷ್ಟೊಂದು ಜಾಗ ಇದೆ ಅಲ್ವಾ? ನಮ್ಮಲ್ಲಿ ಮಾಲ್ ಬಿಟ್ರೆ ಏನಿದೆ?" ರಜೆಗೆ ಊರಿಗೆ ಬಂದಾಗಲೆಲ್ಲ ಈ ಮಾತು ಕೇಳುತ್ತೇನೆ. ಮೊದಲರ್ಧ ನಿಜ. ಎರಡನೆಯ ಅರ್ಧವನ್ನು ನಾನು ಸುತಾರಾಂ ಒಪ್ಪುವುದಿಲ್ಲ. ಮೈಸೂರಲ್ಲಿ ಬೆಳೆದು, ಈಗ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಮಕ್ಕಳನ್ನು ಬೆಳೆಸುತ್ತಿರುವವನಾಗಿ ಹೇಳುತ್ತೇನೆ, ನೋಡುವಂಥದ್ದಕ್ಕೆ ನಮ್ಮಲ್ಲಿ ಕೊರತೆ ಇಲ್ಲವೇ ಇಲ್ಲ. ಕೊರತೆ ಇರುವುದು ಬೇರೆ ಕಡೆ.

ಇಲ್ಲಿ ಬೆಳಿಗ್ಗೆ ಹೊರಟು ರಾತ್ರಿ ಊಟಕ್ಕೆ ಮನೆ ಸೇರುವಷ್ಟು ದೂರದಲ್ಲಿ ಏನೇನಿದೆ ಅಂದರೆ, ಬರ್ಕ್ಲಿಯ ಗುಡ್ಡದ ಮೇಲೆ ಲಾರೆನ್ಸ್ ಹಾಲ್ ಆಫ್ ಸೈನ್ಸ್, ಹ್ಯಾಮಿಲ್ಟನ್ ಬೆಟ್ಟದ ತುದಿಯಲ್ಲಿ 1888ರ ಲಿಕ್ ವೀಕ್ಷಣಾಲಯ, ತೆಂಕಣಕ್ಕೆ ಮಾಂಟೆರೇ ಬೇ ಅಕ್ವೇರಿಯಂ, ಕೊಲ್ಲಿಯ ಅಂಚಿನಲ್ಲಿ ವಲಸೆ ಹಕ್ಕಿಗಳ ಜೌಗು. ಎಲ್ಲವೂ ಚೆನ್ನಾಗಿವೆ. ಆದರೆ ನನ್ನ ಮಕ್ಕಳು ಮನೆಗೆ ಬಂದ ಮೇಲೂ ಯಾವುದರ ಬಗ್ಗೆ ಮಾತಾಡುತ್ತಾರೆ ಅಂತ ಗಮನಿಸಿದ್ದೇನೆ. ದೊಡ್ಡ ಕಟ್ಟಡವಲ್ಲ, ದುಬಾರಿ ಯಂತ್ರವೂ ಅಲ್ಲ. ಯಾರಾದರೂ ಒಬ್ಬರು ಪಕ್ಕದಲ್ಲಿ ಕೂತು, ಸಮಾಧಾನವಾಗಿ ಏನನ್ನೋ ತೋರಿಸಿದ್ದರೆ ಅದರ ಬಗ್ಗೆ.

ಸ್ಯಾನ್ ಫ್ರಾನ್ಸಿಸ್ಕೋದ ಎಕ್ಸ್‌ಪ್ಲೊರೇಟೋರಿಯಂ ಅನ್ನುವ ವಿಜ್ಞಾನ ಸಂಗ್ರಹಾಲಯದಿಂದ ಶುರು ಮಾಡುತ್ತೇನೆ. ಅದನ್ನು 1969ರಲ್ಲಿ ಕಟ್ಟಿದವರು ಫ್ರಾಂಕ್ ಆಪನ್‌ಹೈಮರ್. ಅಣುಬಾಂಬಿನ ರಾಬರ್ಟ್ ಆಪನ್‌ಹೈಮರ್ ಇದ್ದಾರಲ್ಲ, ಅವರ ತಮ್ಮ. ತಮ್ಮನೂ ಭೌತವಿಜ್ಞಾನಿಯೇ. 1949ರಲ್ಲಿ ರಾಜಕೀಯ ಕಾರಣಕ್ಕೆ ವಿಶ್ವವಿದ್ಯಾಲಯದ ಕೆಲಸ ಹೋಯಿತು. ಕೊಲರಾಡೋದಲ್ಲಿ ವರ್ಷಗಟ್ಟಲೆ ದನ ಸಾಕಿಕೊಂಡಿದ್ದರು. ಆಮೇಲೆ ಅಲ್ಲೇ ಒಂದು ಸಣ್ಣ ಊರಿನ ಹೈಸ್ಕೂಲಲ್ಲಿ ಮೇಷ್ಟ್ರಾದರು. ಆ ಮೇಷ್ಟರ ಕೈಗುಣ ಇಡೀ ಜಾಗದಲ್ಲಿ ಕಾಣುತ್ತದೆ. ಅಲ್ಲಿನ ಸಾಮಾನನ್ನೆಲ್ಲ ಮಕ್ಕಳು ತಿರುಗಿಸಬೇಕು, ಎಳೆಯಬೇಕು, ಊದಬೇಕು. ಕೆಟ್ಟುಹೋದರೆ ರಿಪೇರಿ ಮಾಡುವ ವರ್ಕ್‌ಶಾಪ್ ಕೂಡ ಎಲ್ಲರ ಕಣ್ಣೆದುರಿಗೇ ಇದೆ.

ಅದಕ್ಕಿಂತ ದೊಡ್ಡದು ಅಲ್ಲಿನ ಕಿತ್ತಳೆ ಬಣ್ಣದ ಅಂಗಿಯ ಹುಡುಗ ಹುಡುಗಿಯರು. ಎಕ್ಸ್‌ಪ್ಲೇನರ್ ಅಂತ ಕರೆಯುತ್ತಾರೆ. ಹೆಚ್ಚಿನವರು ಹೈಸ್ಕೂಲು, ಕಾಲೇಜಿನ ಮಕ್ಕಳು. ಸಂಬಳ ಕೊಟ್ಟು, ತರಬೇತಿ ಕೊಟ್ಟು ನಿಲ್ಲಿಸುತ್ತಾರೆ. ಅವರು ಮಾಡಿ ತೋರಿಸುವುದರಲ್ಲಿ ಹಸುವಿನ ಕಣ್ಣನ್ನು ಕೊಯ್ದು ಬಿಡಿಸುವುದು ಬಹಳ ಹೆಸರುವಾಸಿ. ನಮ್ಮ ಮನೆಯವರಿಗೆ ಮೊದಲು ಇರುಸುಮುರುಸೇ ಆಯಿತು, ಮುಚ್ಚಿಡುವುದೇಕೆ. ಮಗಳು ಮಾತ್ರ ಜಾಗ ಬಿಟ್ಟು ಕದಲಲಿಲ್ಲ. ಎಕ್ಸ್‌ಪ್ಲೇನರ್ ಹುಡುಗಿ ಕಣ್ಣಿನೊಳಗಿಂದ ಮಸೂರ ತೆಗೆದು ಅಕ್ಷರವಿರುವ ಹಾಳೆಯ ಮೇಲಿಟ್ಟಳು. ಅಕ್ಷರ ದೊಡ್ಡದಾಗಿ ಕಂಡವು. ಆಮೇಲೆ ಕಣ್ಣಿನ ಹಿಂಗೋಡೆಯಲ್ಲಿ ನೀಲಿ ಹಸಿರು ಹೊಳೆಯುವ ಒಂದು ಪದರ ತೋರಿಸಿದಳು. ಒಳಗೆ ಬಂದ ಬೆಳಕನ್ನು ಅದು ವಾಪಸು ಹೊಡೆಯುತ್ತದೆ. ಕತ್ತಲಲ್ಲಿ ಕಾಣಲು ಹಸುವಿಗೆ ಅದು ಸಹಾಯ. ರಾತ್ರಿ ಹಳ್ಳಿಯ ರಸ್ತೆಯಲ್ಲಿ ಕಾರಿನ ದೀಪ ಬಿದ್ದಾಗ ದನದ ಕಣ್ಣು ಮಿಂಚುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಯಾಕೆ ಅಂತ ಯಾರೂ ಹೇಳಿರಲಿಲ್ಲ. ಹೇಳಿದವಳು ಪರದೇಶದ ಒಬ್ಬ ಹದಿಹರೆಯದ ಹುಡುಗಿ.

ಇನ್ನೊಂದು ಜಾಗಕ್ಕೆ ಟಿಕೆಟ್ಟೇ ಇಲ್ಲ. ಮಾಸ್ ಬೀಚ್ ಅನ್ನುವ ಊರಿನ ಫಿಟ್ಜ್‌ಜೆರಾಲ್ಡ್ ಮೆರೀನ್ ರಿಸರ್ವ್. ಉಬ್ಬರ ಇಳಿತದ ಪಟ್ಟಿ ನೋಡಿಕೊಂಡು, ನೀರು ತೀರಾ ಕೆಳಗಿಳಿಯುವ ಹೊತ್ತಿಗೆ ಹೋಗಬೇಕು. ಬಂಡೆಗಳ ನಡುವೆ ನೀರಿನ ಗುಂಡಿಗಳು ಉಳಿದಿರುತ್ತವೆ. ಟೈಡ್ ಪೂಲ್ ಅಂತ ಕರೆಯುವುದು ಅವನ್ನೇ. ಗೊತ್ತಿಲ್ಲದವರ ಕಣ್ಣಿಗೆ ಅಲ್ಲಿ ಬರೀ ಪಾಚಿ, ಜಲ್ಲಿ ಕಾಣುತ್ತದೆ. ರಬ್ಬರ್ ಬೂಟು ಹಾಕಿದ್ದ ಒಬ್ಬ ಅಜ್ಜಿ ಮಗನ ಪಕ್ಕ ಕುಕ್ಕರಗಾಲಲ್ಲಿ ಕೂತು, "ನೀನು ಕಾಲಿಡೋಕೆ ಹೊರಟಿದ್ದು ಏನು ಅಂದ್ಕೊಂಡೆ?" ಎಂದು ಕೇಳಿದರು. ಕಲ್ಲು ಅಂದ. "ಸ್ವಲ್ಪ ಹೊತ್ತು ನೋಡು" ಅಂದರು. ಚಿಪ್ಪಿನ ಚೂರು ಅಂಟಿಸಿಕೊಂಡ ಗಂಟುಗಳು. ನೀರು ತುಂಬಿದ ಪಕ್ಕದ ಗುಂಡಿಯಲ್ಲಿ ಅಂಥದ್ದೇ ಗಂಟು ಬಾಯಿ ತೆರೆದು ಹೂವಿನಂತೆ ಎಸಳು ಬಿಚ್ಚಿತ್ತು. ಸೀ ಅನಿಮೋನ್, ಹೂವಲ್ಲ, ಕಡಲ ಪ್ರಾಣಿ! ನೀರಿಳಿದಾಗ ಬಿಸಿಲಿಗೆ ಒಣಗದಿರಲು ಅವು ಮುದುಡಿಕೊಂಡು ಮೈಮೇಲೆ ಚಿಪ್ಪಿನ ಚೂರು ಹೊದ್ದಿರುತ್ತವೆ. ಅಲ್ಲಿಂದಾಚೆ ಮಗ ಹೆಜ್ಜೆ ನೋಡಿ ನೋಡಿ ಇಟ್ಟ. "ತುಳಿಯಬೇಡ" ಅಂತ ಅವರು ಒಂದು ಸಲವೂ ಹೇಳಲಿಲ್ಲ.

ಆ ಅಜ್ಜಿಯಂಥವರನ್ನು ಇಲ್ಲಿ ಡೋಸೆಂಟ್ ಅನ್ನುತ್ತಾರೆ. ಸಂಬಳವಿಲ್ಲದ ಕೆಲಸ. ಆದರೆ ಸುಮ್ನೆ ಬಂದು ನಿಲ್ಲುವಂತಿಲ್ಲ, ತರಬೇತಿ ಮುಗಿಸಬೇಕು. ನಿವೃತ್ತರಾದವರು ಜಾಸ್ತಿ. ಅನ್ಯೋ ನ್ಯುಯೆವೋ ಎನ್ನುವ ಕಡಲತೀರದ ಉದ್ಯಾನದಲ್ಲಿ ಡಿಸೆಂಬರ್ ಮಧ್ಯದಿಂದ ಮಾರ್ಚ್ ತನಕ ಇವರ ಜೊತೆ ಅಲ್ಲದೆ ಸೀಲ್ ಎನ್ನುವ ಕಡಲ ಪ್ರಾಣಿಗಳ ಹತ್ತಿರ ಯಾರನ್ನೂ ಬಿಡುವುದಿಲ್ಲ. ಅದು ಆನೆ ಸೀಲ್‌ಗಳು ದಡಕ್ಕೆ ಬಂದು ಮರಿ ಹಾಕುವ ಕಾಲ. ಗಂಡು ಎರಡು ಟನ್ನಿಗೂ ಜಾಸ್ತಿ ತೂಗಬಲ್ಲದು. ನಡುವೆ ಬೇಲಿ ಇಲ್ಲ. 25 ಅಡಿ ದೂರ ಇರಬೇಕು ಅನ್ನುವ ನಿಯಮ ಇದೆ, ಜನ ಇರುತ್ತಾರೆ. ಯಾಕೆಂದರೆ ದಾರಿಯುದ್ದಕ್ಕೂ ಕಥೆ ಕೇಳಿರುತ್ತಾರೆ. ಕೊಬ್ಬಿನ ಎಣ್ಣೆಗಾಗಿ ಕೊಂದು ಕೊಂದು, 19ನೇ ಶತಮಾನದ ಕೊನೆಗೆ ಇಡೀ ಜಾತಿಯಲ್ಲಿ ನೂರೂ ಉಳಿದಿರಲಿಲ್ಲ. ಬೇಟೆ ನಿಲ್ಲಿಸಿದ್ದಕ್ಕೆ ಈಗ ಲಕ್ಷ ದಾಟಿವೆ. ತಾಯಿ ನಾಲ್ಕು ವಾರ ಏನೂ ತಿನ್ನದೆ ಹಾಲೂಡಿಸಿ, ಮರಿಯನ್ನು ಬಿಟ್ಟು ಕಡಲಿಗೆ ಹೊರಟುಹೋಗುತ್ತದೆ. ಮರಿ ತಾನೇ ಈಜು ಕಲಿಯಬೇಕು. ಇಷ್ಟು ಕೇಳಿದ ಮಗು ಕಲ್ಲು ಎಸೆಯುತ್ತದೆಯೇ?

ಈಗ ನಮ್ಮ ಕಡೆಗೆ ಬರುತ್ತೇನೆ.

ಬೆಂಗಳೂರಿನ ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಭೂಮಿಗೇ 450 ಕೋಟಿ ವರ್ಷ. ಇಲ್ಲಿ ನನ್ನ ಸುತ್ತಲಿನ ಬೇ ಏರಿಯಾದ ಬೆಟ್ಟಗಳ ಕಲ್ಲು ಬಹುಪಾಲು 20 ಕೋಟಿ ವರ್ಷಕ್ಕಿಂತ ಈಚಿನದು. ಅಷ್ಟಕ್ಕೇ ಇವರು ಫಲಕ ಹಾಕಿ, ನಕ್ಷೆ ಅಚ್ಚು ಹಾಕಿ, ರೇಂಜರ್‌ನ ಜೊತೆ ನಡಿಗೆ ಏರ್ಪಡಿಸುತ್ತಾರೆ. ಲಾಲ್‌ಬಾಗಿನದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಈ ಬಗೆಯ ಕಲ್ಲಿಗೆ ಪೆನಿನ್ಸುಲರ್ ನೈಸ್ ಅಂತ ಹೆಸರಿಟ್ಟವರು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಸ್ಮೀತ್, 1916ರಲ್ಲಿ. ಮಳೆ ಬಂದು ತೊಳೆದ ಮೇಲೆ ಹೋಗಿ ಬಗ್ಗಿ ನೋಡಿ. ಬಿಳಿ, ಕಪ್ಪು ಗೆರೆಗಳು ಒಂದರ ಪಕ್ಕ ಒಂದು ಹರಿದಿರುತ್ತವೆ. ನೆಲದಾಳದ ಕಾವಿಗೆ, ಒತ್ತಡಕ್ಕೆ ಕಲ್ಲು ಮೆತ್ತಗಾಗಿ, ಅದರೊಳಗಿನ ಖನಿಜಗಳು ಪದರ ಪದರವಾಗಿ ಬೇರೆಯಾದ ಗುರುತು ಅದು. ಇದನ್ನು ತೋರಿಸಲು ಎರಡು ನಿಮಿಷ ಸಾಕು. ಆದರೆ ಭಾನುವಾರ ಬಂಡೆ ಹತ್ತುವ ಸಂಸಾರಗಳು ಏನು ಮಾಡುತ್ತವೆ? ಕೆಂಪೇಗೌಡರ ಗೋಪುರದ ಹತ್ತಿರ ಫೋಟೋ ತೆಗೆದುಕೊಂಡು, ಕಡಲೆಕಾಯಿ ತಿಂದು ಇಳಿಯುತ್ತವೆ. ತಪ್ಪು ಅವರದ್ದಲ್ಲ. ಫಲಕ ಇದೆ, ಆದರೆ ಆರು ವರ್ಷದ ಮಗು ಫಲಕ ಓದುವುದಿಲ್ಲ.

ಚಿತ್ರದುರ್ಗದ ಹತ್ತಿರದ ಮರಡಿಹಳ್ಳಿಯ ಹೆಸರನ್ನು ಎಷ್ಟು ಜನ ಕೇಳಿದ್ದೀರಿ? ಅಲ್ಲಿ ದಿಂಬು ಪೇರಿಸಿಟ್ಟ ಹಾಗೆ ಕಾಣುವ ಕಲ್ಲುಗಳಿವೆ. ನೀರಿನೊಳಗೆ ಉಕ್ಕಿದ ಲಾವಾ ತಟ್ಟನೆ ತಣಿದಾಗ ಮಾತ್ರ ಆ ಆಕಾರ ಬರುತ್ತದೆ. ಅಂದರೆ ಮಳೆಗೆ ಮುಖ ನೋಡುವ ಬಯಲುಸೀಮೆಯಲ್ಲಿ ಸುಮಾರು 250 ಕೋಟಿ ವರ್ಷದ ಹಿಂದೆ ಸಮುದ್ರ ಇತ್ತು! ಇದನ್ನು ಕೇಳಿ ಕಣ್ಣರಳಿಸದ ಮಗುವನ್ನು ನಾನು ಕಂಡಿಲ್ಲ. ದುರ್ಗಕ್ಕೆ ಬರುವ ಶಾಲೆಯ ಬಸ್ಸುಗಳು ಕೋಟೆ ನೋಡಿ ಹೋಗುತ್ತವೆ. ಒನಕೆ ಓಬವ್ವನ ಕಿಂಡಿ ತೋರಿಸಲಿ, ತೋರಿಸಲೇಬೇಕು. ಜೊತೆಗೆ ಇದನ್ನೂ ತೋರಿಸಲಿ.

ಊರಿನ ಒಂದು ಸಂಗ್ರಹಾಲಯದಲ್ಲಿ ನಡೆದದ್ದು ಹೇಳುತ್ತೇನೆ. ಮಗಳು ಒಂದು ಗಾಜಿನ ಪೆಟ್ಟಿಗೆಗೆ ಮೂಗು ತಾಗಿಸಿ ನೋಡುತ್ತಿದ್ದಳು. ಕಾವಲಿನವರು ಬಂದು, "ಮುಟ್ಬೇಡ ಪುಟ್ಟ, ಮುಂದಕ್ಕೆ ಹೋಗು" ಅಂದರು. ಗದರಿಸಲಿಲ್ಲ, ಪ್ರೀತಿಯಿಂದಲೇ ಹೇಳಿದರು. ಅವರಿಗೆ ಒಪ್ಪಿಸಿದ ಕೆಲಸವೇ ಅದು. ಒಳಗಿರುವುದರ ಬಗ್ಗೆ ಅವರಿಗೆ ಯಾರೂ ಏನೂ ಹೇಳಿಕೊಟ್ಟಿಲ್ಲ. ದಿನಕ್ಕೆ ಎಂಟು ಗಂಟೆ ಅದರ ಪಕ್ಕ ನಿಲ್ಲುವ ಮನುಷ್ಯನಿಗೇ ಅದರ ಕಥೆ ಗೊತ್ತಿಲ್ಲ ಅಂದರೆ ಎಷ್ಟು ದೊಡ್ಡ ನಷ್ಟ!

ಹಾಗಂತ ಇಲ್ಲಿಯದೆಲ್ಲ ಚಿನ್ನ ಅಂತಲ್ಲ. ಮಾಂಟೆರೇ ಅಕ್ವೇರಿಯಂಗೆ ದೊಡ್ಡವರ ಟಿಕೆಟ್ 60 ಡಾಲರಿಗೂ ಜಾಸ್ತಿ. ಗಂಡ, ಹೆಂಡತಿ, ಎರಡು ಮಕ್ಕಳು ಅಂದರೆ ಲೆಕ್ಕ ಹಾಕಿ. ಬಡವರಿಗೆ ರಿಯಾಯಿತಿ ಕೊಡುವ ಸಂಗ್ರಹಾಲಯಗಳು ಇವೆ, ಕ್ಯಾಲಿಫೋರ್ನಿಯಾದ ಗ್ರಂಥಾಲಯಗಳಲ್ಲಿ ಪುಸ್ತಕದ ಜೊತೆ ಉದ್ಯಾನದ ಪಾಸನ್ನೂ ಎರವಲು ಕೊಡುತ್ತಾರೆ, ಒಪ್ಪೋಣ. ಆದರೆ ಕಾರಿಲ್ಲದೆ ಇವುಗಳಲ್ಲಿ ಬಹಳಷ್ಟು ಕಡೆ ಹೋಗುವುದು ಕಷ್ಟ. ನಮ್ಮಲ್ಲಿ ಕಬ್ಬನ್ ಪಾರ್ಕಿನ ಪಕ್ಕದ ವಿಶ್ವೇಶ್ವರಯ್ಯ ಸಂಗ್ರಹಾಲಯಕ್ಕೆ ಸಿಟಿ ಬಸ್ಸಲ್ಲಿ ಹೋಗಬಹುದು. 1962ರಲ್ಲಿ ನೆಹರೂ ಉದ್ಘಾಟಿಸಿದ ಕಟ್ಟಡ. ರೈಟ್ ಸಹೋದರರ ವಿಮಾನದ ನಿಜಗಾತ್ರದ ಪ್ರತಿಕೃತಿ ಇದೆ, ಮಕ್ಕಳು ಕೈಯಾರೆ ಆಡಿ ನೋಡುವ ವಿಭಾಗವೂ ಇದೆ. ಸರ್ಕಾರಿ ಶಾಲೆಯ ಮಕ್ಕಳು ಸಾಲಾಗಿ ಬಂದು, ನೋಡಿ, ಹೊರಗೆ ಚಿತ್ರಾನ್ನ ತಿನ್ನುತ್ತಾರೆ. ಬರಲಾಗದ ಹಳ್ಳಿಗಳಿಗೆ ವಿಜ್ಞಾನದ ಬಸ್ಸೇ ಹೋಗುತ್ತದೆ. ದುಡ್ಡಿದ್ದವರ ಮಕ್ಕಳು, ಇಲ್ಲದವರ ಮಕ್ಕಳು ಒಂದೇ ಸಾಲಲ್ಲಿ ನಿಲ್ಲುವುದು ಅಲ್ಲಿ ನನಗೆ ಬಹಳ ಇಷ್ಟ. ಅದನ್ನು ಕಳೆದುಕೊಳ್ಳಬಾರದು. ಟಿಕೆಟ್ ಏರಿಸಿ, ಎ.ಸಿ. ಹಾಕಿ, ಫುಡ್ ಕೋರ್ಟ್ ತೆರೆದರೆ ಜಾಗ ಉದ್ಧಾರವಾಯಿತು ಅನ್ನುವವರ ಮಾತು ಕೇಳಬೇಡಿ.

ಇನ್ನು, ಹೇಳಿ ತೋರಿಸುವುದು ನಮ್ಮ ಪದ್ಧತಿಯಲ್ಲ ಅನ್ನುವವರು ರಂಗನತಿಟ್ಟಿಗೆ ಹೋಗಿ ಬರಲಿ. ಅಲ್ಲಿನ ದೋಣಿಯವರು ಹುಟ್ಟು ಹಾಕುತ್ತಲೇ ಹಕ್ಕಿ ತೋರಿಸುತ್ತಾರೆ. ಅಗೋ ಬಣ್ಣದ ಕೊಕ್ಕರೆ, ಇಗೋ ಬಾಯ್ಕಳಕ, ಆ ಕೊಂಬೆಯಲ್ಲಿ ಹಾವಕ್ಕಿ ರೆಕ್ಕೆ ಒಣಗಿಸುತ್ತಿದೆ. ಬಾಯ್ಕಳಕದ ಕೊಕ್ಕು ನಡುವೆ ಮುಚ್ಚಿಕೊಳ್ಳದೆ ಸಂದು ಬಿಟ್ಟಿರುವುದನ್ನು ನನಗೆ ಮೊದಲು ತೋರಿಸಿದ್ದು ಅಂಥ ಒಬ್ಬರು. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಯ ಹತ್ತಿರ ದೋಣಿ ನಿಲ್ಲಿಸಿ, ಮಾತಾಡಬೇಡಿ ಅಂತ ಕೈ ತೋರಿಸುತ್ತಾರೆ. ಇಡೀ ದೋಣಿ ಗಪ್‌ಚುಪ್. ಮದ್ದೂರಿನ ಕಡೆಯ ಕೊಕ್ಕರೆ ಬೆಳ್ಳೂರಿನಲ್ಲಿ ಇಡೀ ಊರೇ ಹೇಳುತ್ತದೆ. ಹೆಜ್ಜಾರ್ಲೆಗಳು ಮನೆಮುಂದಿನ ಹುಣಸೆಮರದಲ್ಲಿ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತಾರೆ ಊರವರು. ಹಿಕ್ಕೆ ಗದ್ದೆಗೆ ಗೊಬ್ಬರ. ಇವರು ಯಾವ ಡೋಸೆಂಟ್‌ಗೆ ಕಡಿಮೆ?

ಹಾಗಾಗಿ ನಾನು ಕೇಳುವುದು ಹೊಸ ಕಟ್ಟಡ ಅಲ್ಲ. ಜನ ಬೇಕು. ನಿವೃತ್ತರಾದ ವಿಜ್ಞಾನದ ಮೇಷ್ಟರು, ಮೇಡಮ್ಮುಗಳು ಪ್ರತಿ ಊರಲ್ಲೂ ಇದ್ದಾರೆ. ಬಿ.ಎಸ್ಸಿ. ಓದುವ ಮಕ್ಕಳಿದ್ದಾರೆ. ಹಿರಿಯರು ಗೌರವಕ್ಕೆ ಬಂದಾರು. ಓದುವ ಮಕ್ಕಳಿಗೆ ಮಾತ್ರ ದುಡ್ಡು ಕೊಡಲೇಬೇಕು, ಬಿಟ್ಟಿ ಚಾಕರಿ ಮಾಡಿಸಬಾರದು. ಕನ್ನಡದಲ್ಲಿ ಹೇಳಲಿ. ಮಗುವಿನ ಪ್ರಶ್ನೆಗೆ ತಟ್ಟನೆ ಉತ್ತರ ಕೊಡದೆ ಮರುಪ್ರಶ್ನೆ ಕೇಳುವುದನ್ನು ಅವರಿಗೆ ಕಲಿಸಲಿ. ಮಾಸ್ ಬೀಚಿನ ಅಜ್ಜಿ ಮಾಡಿದ್ದು ಅದನ್ನೇ.

ಎಲ್ಲಿಂದ ಶುರು ಮಾಡಬೇಕು ಅಂದರೆ ನಾನು ಮಲ್ಪೆ ಅನ್ನುತ್ತೇನೆ. ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗುವ ದೋಣಿಯಲ್ಲಿ ಜನ ಹೇಗೂ ಕೂತಿರುತ್ತಾರೆ, ಎದ್ದು ಹೋಗುವಂತಿಲ್ಲ. ಆ ಹೊತ್ತಿನಲ್ಲಿ ಸಿನಿಮಾ ಹಾಡಿನ ಬದಲು ಮಲ್ಪೆಯದೇ ಹುಡುಗನೋ ಹುಡುಗಿಯೋ ಎದ್ದು ನಿಂತು ಹೇಳಲಿ: ನೀವು ಈಗ ನೋಡಲಿರುವ ಕಂಬದಂಥ ಕಲ್ಲುಗಳು ಸುಮಾರು 8.8 ಕೋಟಿ ವರ್ಷದ ಹಿಂದಿನ ಲಾವಾ. ಆಗ ನಮ್ಮ ನೆಲಕ್ಕೂ ಮಡಗಾಸ್ಕರ್‌ಗೂ ನಡುವೆ ಈ ಸಮುದ್ರ ಇರಲಿಲ್ಲ, ಎರಡೂ ಅಂಟಿಕೊಂಡಿದ್ದವು, ಬಿರಿಯುತ್ತಿದ್ದವು. ಲಾವಾ ಆರುತ್ತಾ ಕುಗ್ಗಿ ಬಿರುಕು ಬಿಟ್ಟಿದ್ದಕ್ಕೆ ಈ ಮೂಲೆಗಳು ಬಂದಿವೆ. ದಡಕ್ಕಿಳಿದ ಮೇಲೆ ಒಂದೊಂದು ಕಂಬಕ್ಕೆ ಎಷ್ಟು ಮೂಲೆ ಅಂತ ನೀವೇ ಎಣಿಸಿ, ವಾಪಸು ಬರುವಾಗ ನನಗೆ ಹೇಳಿ.