ವಾಹನದೊಳಗಿನ ವಾಹನ

ಸರ್ವಿಸ್ ಬಿಲ್ಲನ್ನು ಯಾರೂ ಪೂರ್ತಿ ಓದುವುದಿಲ್ಲ. ಕೆಳಗಿನ ಮೊತ್ತ ನೋಡಿ, ಒಂದು ನಿಟ್ಟುಸಿರು ಬಿಟ್ಟು, ಫೋನಲ್ಲಿ ದುಡ್ಡು ಹಾಕಿ, ಕೀ ಇಸಿದುಕೊಂಡು ಬರುವುದು ರೂಢಿ. ನಾನೂ ಅದೇ ಜಾತಿಯವನು. ಹೋದ ವರ್ಷದ ಮಳೆಗಾಲದಲ್ಲಿ ಮಾತ್ರ ಆ ಹೊತ್ತಿಗೇ ನೆಟ್‌ವರ್ಕ್ ಹೋಯಿತು. ಹೊರಗೆ ಶಿರಸಿಯ ಜುಲೈ ಮಳೆ. ದುಡ್ಡೂ ಹೋಗದು, ನಾನೂ ಹೋಗಲಾರೆ. ಬೇರೆ ಕೆಲಸವಿಲ್ಲದೆ ಬಿಲ್ಲು ಓದಿದೆ. 14 ಸಾಲು. ಒಂಬತ್ತನೇ ಸಾಲಲ್ಲಿ ‘ಏರ್ ಫಿಲ್ಟರ್ ಕ್ಲೀನಿಂಗ್, 150 ರೂ.’ ಹತ್ತನೆಯದು ‘ಕನ್ಸ್ಯೂಮೇಬಲ್ಸ್, 240 ರೂ.’ ಹಾಗಂದರೆ ಎಂತದು ಎಂದು ಕೌಂಟರಿನ ಹುಡುಗನನ್ನು ಕೇಳಿದೆ.

“ಕನ್ಸ್ಯೂಮ್ ಆಗೋದು ಸರ್,” ಎಂದ.

ಆವತ್ತೇ ತೀರ್ಮಾನ ಮಾಡಿದೆ. ಮುಂದಿನ ಸರ್ವಿಸ್ ನಾನೇ, ನಮ್ಮನೆ ಅಂಗಳದಲ್ಲಿ. ಮಾಡಿಯೂ ಮಾಡಿದೆ. ಅದರಿಂದ ಒಂದು ಒಳ್ಳೆಯ ಪಾಠವನ್ನೂ ಕಲಿತೆ. ಅದನ್ನು ಹೇಳೋಣ ಅಂತಲೇ ಇದನ್ನು ಬರೆಯಲು ಕೂತದ್ದು. ಬರುತ್ತೇನೆ ಅಲ್ಲಿಗೆ.

ನಮ್ಮದು ಆಲ್ಟೊ 800. ಹೆಸರಲ್ಲಿ 800, ಎಂಜಿನ್ 796 ಸಿಸಿ. ಆ ನಾಲ್ಕು ಸಿಸಿಯ ಲೆಕ್ಕವನ್ನೂ ಯಾರನ್ನಾದರೂ ಕೇಳಬೇಕಿತ್ತು. ಮೂರೇ ಸಿಲಿಂಡರಿನಲ್ಲಿ ಹಿಂಡಿ ಚೀಲ, ಅಡಿಕೆ ಮೂಟೆ, ಮದುವೆಗೆ ಹೊರಟ ನೆಂಟರು ಎಲ್ಲವನ್ನೂ ಹೊತ್ತು ದೇವಿಮನೆ ಘಟ್ಟ ಹತ್ತಿಸಿದೆ, ಹಾಗಾಗಿ ಅದರ ಮೇಲೆ ನನಗೆ ಸಿಟ್ಟಿಲ್ಲ. ಜೊತೆಗೆ ಬಂದ ಪುಸ್ತಕದಲ್ಲಿ 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಆಗ ಆಯಿಲ್ ಬದಲಿಸಿ ಎಂದಿದೆ. ತೋಟ, ಪೇಟೆ, ಊಟದ ಮನೆ ಎಂದು ಓಡಾಡುವ ನಮಗೆ ಯಾವಾಗಲೂ ವರ್ಷವೇ ಮೊದಲು. ಈ ಸಲ ವರ್ಷವೂ ದಾಟಿ ದೀಪಾವಳಿಯ ದೊಡ್ಡಬ್ಬ ಕಳೆಯಿತು. ಮಳೆ ನಿಲ್ಲಬೇಕಲ್ಲ.

ಆಯಿಲ್ ಡಬ್ಬದ ಮೇಲೆ 5ಡಬ್ಲ್ಯೂ-30 ಎಂದಿತ್ತು. ಡಬ್ಲ್ಯೂ ಅಂದರೆ ವೇಯ್ಟ್ ಎಂದು ನಾನು ಇಷ್ಟು ವರ್ಷ ನಂಬಿದ್ದೆ. ಅಲ್ಲವಂತೆ, ವಿಂಟರ್ ಅಂತೆ. ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಎನ್ನುವ ಗುರುತು. ನಮ್ಮ ಚಳಿಗಾಲವೆಂದರೆ ಬೆಳಿಗ್ಗೆ ಸ್ವೆಟರ್, ಹತ್ತು ಗಂಟೆಗೆ ಬನಿಯನ್. ಆ 5ಕ್ಕೆ ಇಲ್ಲಿ ಹೆಚ್ಚು ಕೆಲಸವಿಲ್ಲ. ಆದರೂ ಅದನ್ನೇ ತಂದೆ.

ಬಾನೆಟ್ ಎತ್ತಿದ್ದೇ ಪಕ್ಕದ ಮನೆ ಭಾವ ಬಂದರು. “ಎಂತ ಆತು ಮಾರಾಯಾ, ಕಾರು ಹಾಳಾತನ?”

ಹಾಳಾಗಿಲ್ಲ, ಸರ್ವಿಸ್ ಎಂದೆ. ಇನ್ನು ಹಾಳಾಗುತ್ತದೆ ಎಂಬ ಮುಖ ಮಾಡಿ ಕಟ್ಟೆಯ ಮೇಲೆ ಕೂತು ಎಲೆಯಡಿಕೆಯ ಕವಳ ಹಾಕಿದರು. ಕಾರನ್ನು ಎರಡು ಚಿರೆಕಲ್ಲಿನ ಮೇಲೆ ಹತ್ತಿಸಿದರೆ ಸಾಕು ಎಂದು ಮೊದಲ ಸಲಹೆ. ಚಿರೆಕಲ್ಲು ಕಡಿಯುವಾಗ ಮೆತ್ತಗೆ, ಗಾಳಿ ಬಿಸಿಲು ಕಂಡ ಮೇಲೆ ಗಟ್ಟಿ, ಅದು ಸರಿ. ಎಷ್ಟು ಗಟ್ಟಿ ಎಂದು ಅದರ ಕೆಳಗೆ ನನ್ನ ಎದೆ ಕೊಟ್ಟು ನೋಡುವ ಮನಸ್ಸಾಗಲಿಲ್ಲ. ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ರ‍್ಯಾಂಪ್ ಮಾಡಿಸಿಟ್ಟಿದ್ದೆ. ಅದಕ್ಕೆ ಕೊಟ್ಟ ದುಡ್ಡಲ್ಲಿ ಎರಡು ಸರ್ವಿಸ್ ಆಗುತ್ತಿತ್ತು ಎಂದು ಇವಳು ಒಳಗಿಂದಲೇ ಹೇಳಿದಳು. ಕೇಳಿಸದ ಹಾಗೆ ಮಾಡಿದೆ.

ಸುಲಭದ್ದು ಮೊದಲು ಎಂದು ಏರ್ ಫಿಲ್ಟರಿಗೆ ಕೈ ಹಾಕಿದೆ. ಅದೊಂದು ಕಪ್ಪು ಪ್ಲಾಸ್ಟಿಕ್ ಡಬ್ಬ. ಕ್ಲಿಪ್ ಎಬ್ಬಿಸಿದರೆ ಮುಚ್ಚಳ ಬರುತ್ತದೆ. ಪಾನಾ ಬೇಡ, ಸ್ಕ್ರೂ ಡ್ರೈವರ್ ಬೇಡ, ಹೆಬ್ಬೆರಳು ಸಾಕು. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ.

ಮುಚ್ಚಳ ತೆಗೆದು ಫಿಲ್ಟರ್ ಎತ್ತಿದೆ. ಕೆಳಗೆ ಒಂದು ಸಂಸಾರವೇ ಇತ್ತು.

ಇಲಿ ಆ ಹೊತ್ತಿಗೆ ಮನೆಯಲ್ಲಿರಲಿಲ್ಲ. ಮನೆ ಮಾತ್ರ ಅಚ್ಚುಕಟ್ಟು. ಅಡಿಕೆ ಸಿಪ್ಪೆಯ ನಾರನ್ನು ಸುತ್ತ ಹಾಸಿ, ನಡುವೆ ಇವಳ ಹಳೇ ಸೀರೆಯ ತುಂಡೊಂದನ್ನು ಹಾಸಿಗೆ ಮಾಡಿಕೊಂಡಿತ್ತು. ಮೂಲೆಯಲ್ಲಿ ಉಗ್ರಾಣ: ಏಳು ಹಲಸಿನ ಬೇಳೆ. ಮೇಲಿನವು ಈ ವರ್ಷದ್ದು, ತಳದವು ಒಣಗಿ ಗೋಲಿಯಾಗಿದ್ದವು. ಎಲ್ಲಕ್ಕಿಂತ ಅಡಿಗೆ ಅರ್ಧ ಕಡಿದ ಕಾಗದ. ಬಿಡಿಸಿ ನೋಡಿದರೆ ಇಡಗುಂಜಿಯ ಸೇವಾ ಚೀಟಿ. ಸಂಕಷ್ಟಿಗೆ ಹೋದಾಗ ನಾವೇ ಮಾಡಿಸಿದ್ದು. ಪಂಚಕಜ್ಜಾಯದ ಪೊಟ್ಟಣದ ಜೊತೆ ಕಾರಲ್ಲೇ ಬಿಟ್ಟಿದ್ದೆವು, ಆಮೇಲೆ ಪೊಟ್ಟಣವೂ ಇಲ್ಲ, ಚೀಟಿಯೂ ಇಲ್ಲ. ಮಕ್ಕಳು ತಿಂದರು ಎಂದು ಇವಳು, ನಾನು ತಿಂದೆ ಎಂದು ಮಕ್ಕಳು. ಈ ಜಗಳ ಎರಡು ದಿನ ನಡೆದಿತ್ತು.

ಇಡಗುಂಜಿಗೆ ಹೋದವರಿಗೆ ಗೊತ್ತಿರುತ್ತದೆ. ಅಲ್ಲಿ ಗಣಪತಿಗೆ ಎರಡೇ ಕೈ, ಪಕ್ಕದಲ್ಲಿ ಇಲಿ ಇಲ್ಲ. ವಾಹನ ಎಲ್ಲಿ ಹೋಯಿತು ಎಂದು ಚಿಕ್ಕಂದಿನಲ್ಲಿ ನಾನು ಕೇಳಿದ್ದಕ್ಕೆ ಅಪ್ಪಯ್ಯ ಸುಮ್ನೆ ಕೈಮುಗಿ ಎಂದಿದ್ದರು. ಉತ್ತರ ಈಗ ಸಿಕ್ಕಿತು. ಪ್ರಸಾದ ಕಟ್ಟಿಕೊಂಡು ನಮ್ಮ ಜೊತೆಗೇ ಘಟ್ಟ ಹತ್ತಿ ಬಂದಿದೆ. ಆಯುಧಪೂಜೆ ದಿನ ಬಾನೆಟ್ಟಿಗೆ ಕುಂಕುಮ ಹಚ್ಚಿ, ಚಕ್ರಕ್ಕೆ ಲಿಂಬೆಹಣ್ಣು ಇಟ್ಟು, ಇವಳು ಆರತಿ ಎತ್ತಿದ್ದಳು. ಒಳಗಿದ್ದವರಿಗೂ ಸಂದಿದೆ.

ಇಲ್ಲಿಯವರೆಗೆ ತಮಾಷೆ. ಆದರೆ ಆ ಚೀಟಿಯ ಮೇಲೆ ತಾರೀಖಿತ್ತು. ಆ ಬಿಲ್ಲಿನ ತಾರೀಖಿಗಿಂತ ಮೂರು ತಿಂಗಳು ಹಿಂದಿನದು. ಒಂಬತ್ತನೇ ಸಾಲು ನೆನಪಿದೆಯಲ್ಲ? 150 ರೂಪಾಯಿ ತೆಗೆದುಕೊಂಡವರು ಎಬ್ಬಿಸಬೇಕಾದದ್ದು ಕ್ಲಿಪ್ ಮಾತ್ರ. ಎಬ್ಬಿಸಿದ್ದರೆ ಹಾಸಿಗೆ, ಉಗ್ರಾಣ, ಮೊದಲನೇ ಬೆಳೆಯ ಬೇಳೆ ಎಲ್ಲ ಕಾಣುತ್ತಿತ್ತು. ಕಂಡಿದ್ದರೆ ಅದಕ್ಕೂ ಒಂದು ಸಾಲು ಹಾಕುತ್ತಿದ್ದರು, ಅನುಮಾನವಿಲ್ಲ. ಅಂದರೆ ತೆಗೆದೇ ಇಲ್ಲ. “ಇಲಿ ಹಳೇ ಚೀಟಿಯನ್ನ ಆಮೇಲೆ ತಂದಿರಲೂ ಸಾಕು,” ಎಂದು ಭಾವ ವಾದ ಹೂಡಿದರು. ನ್ಯಾಯವೆಂದರೆ ನ್ಯಾಯವೇ. ನಾನು ಒಪ್ಪಲಿಲ್ಲ. ಇವತ್ತಿಗೂ ಒಪ್ಪಿಲ್ಲ. ಆ ಚೀಟಿಯನ್ನು ಬಿಲ್ಲಿಗೆ ಪಿನ್ ಮಾಡಿ ಕಪಾಟಿನಲ್ಲಿಟ್ಟಿದ್ದೇನೆ. ಯಾರಿಗೆ ತೋರಿಸಲಿಕ್ಕೆ ಎಂದು ಇವಳು ಕೇಳುತ್ತಾಳೆ. ಬೇಕಾಗುತ್ತದೆ.

ಇಲಿಗೆ ಬೋನು ಇಟ್ಟೆವು, ಸುಟ್ಟ ಕಾಯಿಚೂರು ಸಿಕ್ಕಿಸಿ. ಬಿತ್ತು. ಅದೇ ಕಾರಲ್ಲಿ ನಾಲ್ಕು ಕಿಲೋಮೀಟರ್ ಒಯ್ದು ಬೆಟ್ಟದಲ್ಲಿ ಬಿಟ್ಟು ಬಂದೆ. ವಾರದೊಳಗೆ ಡಬ್ಬದಲ್ಲಿ ಮತ್ತೆ ನಾರು. ಭಾವನ ಸಲಹೆಯಂತೆ ಬಾನೆಟ್ಟಿನೊಳಗೆ ಹೊಗೆಸೊಪ್ಪು ಕಟ್ಟಿದೆ. ಈಗ ಇಲಿ ಇಲ್ಲ. ಎ.ಸಿ. ಹಾಕಿದರೆ ಮಾತ್ರ ಕವಳದ ಸಂಚಿ ಬಿಚ್ಚಿದ ಪರಿಮಳ.

ಆಯಿಲ್ ವಿಷಯಕ್ಕೆ ಬರುತ್ತೇನೆ. ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ ಬಿಸಿ ಮಾಡಿ, ಅಡಿಗೆ ಮಲಗಿ, ಡ್ರೈನ್ ನಟ್ಟಿಗೆ ಪಾನಾ ಹಾಕಿ ತಿರುಗಿಸಿದೆ. ಬರಲಿಲ್ಲ. ಇನ್ನೂ ಬಲ ಹಾಕಿದೆ. ಕಾಲು ಗಂಟೆ ನಾನು ಅದನ್ನು ಬಿಗಿ ಮಾಡುತ್ತಿದ್ದೆ ಎಂದು ಗೊತ್ತಾದದ್ದು ಆಮೇಲೆ. ನಿಂತು ಬಗ್ಗಿ ನೋಡಿದ ಎಡ, ಮಲಗಿ ನೋಡಿದರೆ ಬಲ. ಕೊನೆಗೆ ಸಡಿಲಾದಾಗ ಮೊದಲ ಧಾರೆ ಬೋಗುಣಿಗಲ್ಲ, ನನ್ನ ಮೊಣಕೈಗೆ. ಉಳಿದದ್ದೆಲ್ಲ ಸರಿಯಾಯಿತು. ಹೊಸ ವಾಶರ್, ಹೊಸ ಫಿಲ್ಟರ್, ಅದರ ರಬ್ಬರಿಗೆ ಒಂದು ಬೆರಳು ಹೊಸ ಆಯಿಲ್. ಕಡ್ಡಿ ಅದ್ದಿ ನೋಡಿದರೆ ಎರಡು ಗುರುತಿನ ನಡುವೆ ಜೇನಿನ ಬಣ್ಣ. ಅದನ್ನು ಇವಳಿಗೂ ಕರೆದು ತೋರಿಸಿದೆ.

ಬೋಗುಣಿಯಲ್ಲಿ ಮೂರು ಲೀಟರಿಗೆ ಸ್ವಲ್ಪ ಕಡಿಮೆ ಸುಟ್ಟ ಆಯಿಲ್ ಉಳಿಯಿತು. ಅಘನಾಶಿನಿ ಹುಟ್ಟುವ ಊರು ಇದು, ಗಟಾರಕ್ಕೆ ಸುರಿಯಲು ಮನಸ್ಸು ಬಾರದು. ಪಾಪ ಕಳೆಯುವ ನದಿ ಹೌದು, ಎಂಜಿನ್ ಆಯಿಲ್ ಅದರ ಪಟ್ಟಿಯಲ್ಲಿ ಇರಲಿಕ್ಕಿಲ್ಲ. ಆಗ ಗೊತ್ತಾಯಿತು, ಭಾವ ಬೆಳಗಿನಿಂದ ಯಾಕೆ ಕೂತಿದ್ದರು ಎಂದು. ಕಟ್ಟೆಯ ಹಿಂದಿನಿಂದ ಐದು ಲೀಟರಿನ ಕ್ಯಾನು ಹೊರಗೆ ಬಂತು. ಕೊಟ್ಟಿಗೆ ಕಂಬಕ್ಕೆ ಒರಲೆ ಹತ್ತಿದೆಯಂತೆ, ಬಳಿಯಬೇಕಂತೆ. ಒಂದು ಹನಿ ಚೆಲ್ಲದೆ ತುಂಬಿಕೊಂಡರು. ಅಷ್ಟು ಜಾಗ್ರತೆ ನನಗೂ ಇರಲಿಲ್ಲ.

ಪಾಠದ ವಿಷಯ ಹೇಳುತ್ತೇನೆ ಎಂದಿದ್ದೆ. ಅದನ್ನು ಭಾವನಿಗೇ ಮೊದಲು ಹೇಳೋಣ ಎಂದು ಬಾಯಿ ತೆರೆದೆ. ಅವರು ಕ್ಯಾನನ್ನು ಬೆಳಕಿಗೆ ಹಿಡಿದು ಅಳೆಯುತ್ತಿದ್ದರು.

“ಮೂರು ಕಂಬಕ್ಕೆ ಆಗ್ತು. ಇನ್ನೂ ಆರು ಇದ್ದು. ಮತ್ತೆ ಯಾವಾಗ ತೆಗಿತೆ?”

“ಇನ್ನು ಮುಂದಿನ ವರ್ಷವೇ ಭಾವ. ಇಲ್ಲಾಂದ್ರೆ 10,000 ಕಿಲೋಮೀಟರ್.”

ಭಾವ ಸ್ವಲ್ಪ ಯೋಚಿಸಿದರು. ಕವಳ ಉಗಿದು ಬಂದರು.

“ಇಡಗುಂಜಿಗೆ ಹೋಪನ ಒಂದಿನ. ನಾನೂ ಬತ್ತಿ.”