ಯುದ್ಧಕ್ಕೆ ಗಾಲ್ಫ್ ಸ್ಟಿಕ್ ತಗೊಂಡು ಹೋದ ಹುಡುಗ

ಡಿಸೆಂಬರ್ 16 ಬಂತೆಂದರೆ, 1971ರ ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ ಆ ದಿನ ಪ್ರಾಣ ಬಿಟ್ಟ ಅರುಣ್ ಖೇತರ್‌ಪಾಲ್ ಫೋಟೊ ಎಲ್ಲರ ವಾಲ್ ಮೇಲೂ ಕಾಣುತ್ತದೆ. ಕೆಳಗೆ ಒಂದೇ ಸಾಲು: 21 ವರ್ಷ, ಪರಮವೀರ ಚಕ್ರ, ಜೈ ಹಿಂದ್. ನಾನೂ ಹಾಕಿದ್ದೇನೆ, ಸುಳ್ಳು ಯಾಕೆ ಹೇಳಲಿ. ಆದರೆ ಅವನ ಬಗ್ಗೆ ಓದುತ್ತಾ ಹೋದ ಮೇಲೆ ನನ್ನ ತಲೆಯಲ್ಲಿ ಉಳಿದಿದ್ದು ಟ್ಯಾಂಕ್ ಅಲ್ಲ, ಗಾಲ್ಫ್ ಸ್ಟಿಕ್ಕು.

1971ರ ಜೂನ್‌ನಲ್ಲಿ ಪೂನಾ ಹಾರ್ಸ್ ಅನ್ನೋ ಟ್ಯಾಂಕ್ ರೆಜಿಮೆಂಟ್‌ಗೆ ಸೇರಿದ್ದ. ಅಹ್ಮದ್‌ನಗರದಲ್ಲಿ ಹೊಸ ಆಫೀಸರ್‌ಗಳ ಕೋರ್ಸ್ ನಡೀತಿತ್ತು, ಅದನ್ನು ಅರ್ಧಕ್ಕೇ ಬಿಡಿಸಿ ಯುದ್ಧಕ್ಕೆ ಕರೆದರು. ದಾರಿಯಲ್ಲಿ ಮನೆಗೆ ಬಂದು ಹೋಗುವಾಗ ಸಾಮಾನಿನ ಜೊತೆ ಗಾಲ್ಫ್ ಸ್ಟಿಕ್ಕುಗಳನ್ನೂ, ಪಾರ್ಟಿಗೆ ಹಾಕುವ ನೀಲಿ ಯೂನಿಫಾರ್ಮನ್ನೂ ತುಂಬಿಕೊಂಡ. ಇದೆಲ್ಲ ಯಾಕೋ ಅಂತ ಕೇಳಿದರೆ, ಲಾಹೋರ್‌ನಲ್ಲಿ ಗಾಲ್ಫ್ ಆಡಬೇಕು, ಗೆದ್ದ ಮೇಲೆ ಒಂದು ಔತಣ ಇದ್ದೇ ಇರುತ್ತಲ್ಲ ಅಂದನಂತೆ.

ಇದು ಏನೂ ತಿಳಿಯದ ಹುಡುಗನ ಮಾತಲ್ಲ. ತಾತ ಮೊದಲ ಮಹಾಯುದ್ಧ ನೋಡಿದವರು. ಅಪ್ಪ ಎರಡನೆಯದನ್ನೂ 1965ರ ಯುದ್ಧವನ್ನೂ ನೋಡಿದ ಆಫೀಸರ್. ಯುದ್ಧ ಅಂದರೆ ಏನು ಅಂತ ಊಟದ ಹೊತ್ತಲ್ಲೇ ಕೇಳಿ ಬೆಳೆದಿರಬೇಕು. ಆದರೂ ಸ್ಟಿಕ್ ಹೊತ್ತುಕೊಂಡು ಹೊರಟ. 21 ಅನ್ನೋ ವಯಸ್ಸೇ ಹಾಗೆ ಅಲ್ವಾ, ನಾಳೆ ಅನ್ನೋದು ಇದ್ದೇ ಇರುತ್ತೆ ಅಂತ ಅದಕ್ಕೆ ಗ್ಯಾರಂಟಿ.

ಮುಂದಿನದು ಬಹಳ ಜನಕ್ಕೆ ಗೊತ್ತು. ಶಕರ್‌ಗಢ ಸೆಕ್ಟರ್, ಬಸಂತರ್ ನದಿ, ಗಡಿಯಾಚೆ ಪಾಕಿಸ್ತಾನದ ನೆಲ. ನೆಲದಲ್ಲಿ ಹೂತಿಟ್ಟ ಮೈನ್‌ಗಳನ್ನು ಪೂರ್ತಿ ತೆಗೆಯೋಕೆ ಮೊದಲೇ ಡಿಸೆಂಬರ್ 15ರ ರಾತ್ರಿ ನಮ್ಮ ಟ್ಯಾಂಕ್‌ಗಳು ಅವುಗಳ ನಡುವೆಯೇ ದಾಟಿದವು. ಬೆಳಗ್ಗೆ ಎದುರಿನಿಂದ ಪಾಕಿಸ್ತಾನದ ಪ್ಯಾಟನ್ ಟ್ಯಾಂಕ್‌ಗಳು ಬಂದವು. ಅರುಣ್ ತನ್ನ ಸೆಂಚುರಿಯನ್ ಟ್ಯಾಂಕ್‌ನಲ್ಲಿ ಇನ್ನೊಂದು ಸ್ಕ್ವಾಡ್ರನ್‌ನ ನೆರವಿಗೆ ನುಗ್ಗಿದ. ಅವನ ಟ್ಯಾಂಕಿಗೆ ಬೆಂಕಿ ಹತ್ತಿದಾಗ ಬಿಟ್ಟು ಬಾ ಅಂತ ರೇಡಿಯೊದಲ್ಲಿ ಆರ್ಡರ್ ಬಂತು. ಇಲ್ಲ ಸರ್, ಗನ್ ಇನ್ನೂ ಕೆಲಸ ಮಾಡ್ತಿದೆ ಅಂದ (ಜೊತೆಗೊಂದು ಬೈಗುಳ ಇತ್ತು, ನಮ್ಮ ಪೋಸ್ಟ್‌ಗಳಲ್ಲಿ ಅದನ್ನು ನೀಟಾಗಿ ತೆಗೆದುಹಾಕುತ್ತೇವೆ. ನನಗಂತೂ ಆ ಬೈಗುಳ ಇದ್ದರೇನೇ ಹುಡುಗ ಕಣ್ಣೆದುರು ಬರೋದು). ನಾಲ್ಕು ಟ್ಯಾಂಕ್‌ಗಳನ್ನು ಅವನೊಬ್ಬನೇ ಹೊಡೆದ ಅಂತ ಲೆಕ್ಕ. ಆಮೇಲೆ ಒಂದು ಶೆಲ್ ಅವನಿದ್ದ ಕಡೆಗೇ ಬಂತು.

ಅದೇ ದಿನ ಸಂಜೆ ಢಾಕಾದಲ್ಲಿ ಪಾಕ್ ಸೇನೆಯ ಶರಣಾಗತಿಗೆ ಸಹಿ ಬಿತ್ತು. ಮಾರನೆಯ ದಿನ ಪಶ್ಚಿಮದ ಗಡಿಯಲ್ಲೂ ಕದನವಿರಾಮ. ಮನೆಯವರು ಯುದ್ಧ ಮುಗೀತು, ಇನ್ನೇನು ಮಗ ಬರ್ತಾನೆ ಅಂತ ನಿಟ್ಟುಸಿರು ಬಿಟ್ಟಿದ್ದರು. ಬಂದಿದ್ದು ಟೆಲಿಗ್ರಾಂ. ಈ ಒಂದು ವಿಷಯ ಓದಿದಾಗೆಲ್ಲ ನಾನು ಫೋನ್ ಕೆಳಗಿಟ್ಟುಬಿಡುತ್ತೇನೆ.

ಈಗ ನಾನು ಹೇಳಬೇಕು ಅಂತಿದ್ದ ಮಾತಿಗೆ ಬರ್ತೀನಿ. 'ಸುಮ್ನೆ ಒಂದು ಯುದ್ಧ ಮಾಡಿ ಮುಗಿಸಿಬಿಡಿ' ಅಂತ ಕಾಮೆಂಟ್ ಹಾಕುವವರಿಗೆ ಅರುಣ್‌ನ ಕಥೆ ಸಾಯುವಲ್ಲಿಗೆ ಮುಗಿಯುತ್ತದೆ. ಅವನ ಅಪ್ಪನಿಗೆ ಮುಗಿಯಲಿಲ್ಲ. ಬ್ರಿಗೇಡಿಯರ್ ಖೇತರ್‌ಪಾಲ್ 2001ರಲ್ಲಿ, ಎಂಬತ್ತು ದಾಟಿದ ವಯಸ್ಸಲ್ಲಿ, ತಾವು ಹುಟ್ಟಿದ ಸರ್ಗೋಧಾ ನೋಡಬೇಕು ಅಂತ ಪಾಕಿಸ್ತಾನಕ್ಕೆ ಹೋದರು. ಲಾಹೋರ್‌ನಲ್ಲಿ ಒಬ್ಬ ನಿವೃತ್ತ ಬ್ರಿಗೇಡಿಯರ್ ಮನೆಯಲ್ಲಿ ಉಳಿದರು, ಖ್ವಾಜಾ ಮೊಹಮ್ಮದ್ ನಾಸಿರ್ ಅಂತ. ಆ ಮನೆಯವರೆಲ್ಲ ತುಂಬಾ ಚೆನ್ನಾಗಿ ನೋಡಿಕೊಂಡರು. ಹೊರಡುವ ಹಿಂದಿನ ರಾತ್ರಿ ಊಟ ಆದ ಮೇಲೆ ನಾಸಿರ್, ಒಂದು ಮಾತು ಹೇಳಬೇಕಿದೆ ಅಂತ ಶುರು ಮಾಡಿದರು. ಆವತ್ತು ನಿಮ್ಮ ಮಗನ ಎದುರಿಗಿದ್ದ ಟ್ಯಾಂಕ್‌ನಲ್ಲಿ ನಾನೇ ಇದ್ದೆ, ನಿಮ್ಮ ಮಗ ನನ್ನ ಕೈಯಲ್ಲೇ ಸತ್ತಿದ್ದು, ಅಂದರು.

ಮೂರು ದಿನ ಉಪಚಾರ ಮಾಡಿದ ಮನುಷ್ಯ. ನಾನಾಗಿದ್ದರೆ ಎದ್ದು ಹೋಗ್ತಿದ್ದೆ, ಅಥವಾ ಕಿರುಚ್ತಿದ್ದೆ. ಆ ಅಪ್ಪ ಕೂತು ಕೇಳಿಸಿಕೊಂಡರು. ತಾವೂ ಸೈನಿಕ, ಎದುರಿಗಿರುವವನೂ ಸೈನಿಕ. ಅದನ್ನು ಕ್ಷಮೆ ಅಂತ ಕರೀಬೇಕಾ, ಬೇರೆ ಹೆಸರಿದೆಯಾ, ನನಗಂತೂ ಪದ ಸಿಗಲಿಲ್ಲ. ದೇಶಭಕ್ತಿ ಕಮ್ಮಿ ಆಯ್ತು ಅಂತ ಆ ಮನುಷ್ಯನಿಗೆ ಹೇಳುವ ಧೈರ್ಯ ಯಾರಿಗಿದೆ ಹೇಳಿ.

ಆಮೇಲೆ ನಾಸಿರ್ ಇಬ್ಬರೂ ಇದ್ದ ಫೋಟೊ ಕಳಿಸಿದರು, ಜೊತೆಗೊಂದು ಬರಹ. ನಮ್ಮ ದಾಳಿಯ ಗೆಲುವಿಗೂ ಸೋಲಿಗೂ ನಡುವೆ ಬಂಡೆಯ ಹಾಗೆ ನಿಂತವನು ಅಂತ ಅರುಣ್ ಬಗ್ಗೆ ಬರೆದಿದ್ದರು. ಅವನ ಹೆಸರಿನ ಹಿಂದೆ ಒಂದು ಪದ ಸೇರಿಸಿದ್ದರು, ಶಹೀದ್ ಅಂತ.